ಎಂ ಮೂವತ್ತು

ಇಲಾಖೆಯಿಂದ ಕಾಗದ ಬಂತು, ಒಂದೂವರೆ ಸಾಲು:
ವರ್ಕ್‌ಶಾಪ್ ಬೋಧಕ ಗಂಗಹನುಮಯ್ಯನವರು
ವಸಂತನರಸಾಪುರದಲ್ಲಿ ಹನ್ನೆರಡು ದಿನ ತರಬೇತಿಗೆ ಹಾಜರಾಗತಕ್ಕದ್ದು.
ಕೊಡಲಿಕ್ಕಲ್ಲ, ಪಡೆಯಲಿಕ್ಕೆ.
ಎರಡು ಸಲ ಓದಿದೆ, ಕನ್ನಡಕ ಒರೆಸಿ ಇನ್ನೊಂದು ಸಲ.

ಮೂವತ್ತೊಂದು ವರ್ಷ ಹುಡುಗರ ಕೈಗೆ ಅರ ಕೊಟ್ಟವನು ನಾನು.
ಕಬ್ಬಿಣದ ಚೂರನ್ನು ಚೌಕ ಮಾಡಿ ಎಂದು ಬಿಟ್ಟು
ದೇವರಾಯನದುರ್ಗದ ಕಡೆಯ ಕಿಟಕಿಗೆ ಮುಖ ಹಾಕಿ ನಿಂತರೆ
ಸದ್ದಿನಲ್ಲೇ ತಿಳಿಯುತ್ತಿತ್ತು
ಯಾರ ಮೊಣಕೈ ಮೇಲೆದ್ದಿದೆ ಎಂದು.
ನಮ್ಮ ಹರಿಹರದ ಲೇತಿನ ಕೈಚಕ್ರ
ತಿರುಗಿಸಿದರೆ ಅರ್ಧ ಗೆರೆ ಸಡಿಲ.
ಆ ಅರ್ಧ ಗೆರೆಯ ಲೆಕ್ಕ ಹಿಡಿಯುವುದೇ ವಿದ್ಯೆ ಕಣ್ರೋ
ಎಂದು ಎಷ್ಟು ಬ್ಯಾಚಿಗೆ ಹೇಳಿದ್ದೆನೋ.

ಸಿಲಬಸ್ಸಿನಿಂದ ಮೊದಲು ಅರ ಹೋಯಿತು.
ಈಗ ಅರಗಳು ಗೋಣಿಯಲ್ಲಿ,
ಗೋಣಿ ಸ್ಟೋರಿನಲ್ಲಿ,
ಸ್ಟೋರಿನ ಬೀಗದ ಕೈ ನನ್ನ ಜೇಬಿನಲ್ಲಿ.

ಕಲಿಸಲು ಬಂದವಳು ತಸ್ಮಿಯಾ.
ಶಿರಾದಲ್ಲಿ ಪಂಪಿನ ಮೋಟಾರು ಸುತ್ತುವ ಖುದ್ದೂಸ್ ಸಾಹೇಬರ ಮಗಳು,
ಆರು ವರ್ಷದ ಹಿಂದೆ ನನ್ನದೇ ಮೂರನೇ ಬೆಂಚು.
ಅವಳ ಚೌಕವನ್ನು ನಾಲ್ಕು ಸಲ ವಾಪಸು ಕೊಟ್ಟಿದ್ದೆ,
ಮೂಲೆಮಟ್ಟ ಇಟ್ಟು, ದೀಪಕ್ಕೆ ಹಿಡಿದು,
'ಬೆಳಕು ಕಾಣ್ತಾ ಇದೆ, ನೋಡು' ಎಂದು.
'ಸಾರ್, ಕೂತ್ಕೊಳ್ಳಿ' ಎಂದಳು.
ಕೂರಲಿಲ್ಲ. ಕಾಲು ನೋಯುವವರೆಗೂ ಕೂರಲಿಲ್ಲ.

ಜಿ ಸೊನ್ನೆ ಎಂದರೆ ಓಡು.
ಜಿ ಒಂದು, ಕಡಿಯುತ್ತಾ ನಡೆ.
ಎಂ ಮೂರು, ತಿರುಗು. ಎಂ ಎಂಟು, ನೀರು ಬಿಡು.
ಬಸ್ಸಿನಲ್ಲಿ ಬಾಯಿಪಾಠ ಮಾಡುತ್ತಿದ್ದರೆ ಪಕ್ಕದ ಹೆಂಗಸು
ಯಾವ ದೇವರ ಮಂತ್ರವೋ ಎಂದು ಚೂರು ಸರಿದು ಕೂತಳು.

ಐದನೇ ದಿನ ಐವತ್ತು ಎಂದು ಒತ್ತಿ
ಮುಂದಿನ ಚುಕ್ಕೆ ಮರೆತೆ.
ಐವತ್ತು ಮಿಲಿಮೀಟರ್ ನನ್ನ ಮನಸ್ಸಿನಲ್ಲಿ,
ಐವತ್ತು ಮೈಕ್ರಾನ್ ಯಂತ್ರದ ಮನಸ್ಸಿನಲ್ಲಿ.
ಚಕ್ಕಿನ ಕಡೆಗೆ ನುಗ್ಗಿತು ಟೂಲು.
ಅವಳ ಅಂಗೈ ಕೆಂಪು ಗುಂಡಿಯ ಮೇಲೆ ಬಿದ್ದಾಗ
ನಡುವೆ ಉಳಿದದ್ದು ಒಂದು ಬೆರಳಗಲ.
ಕೂಲೆಂಟು ತೊಟ್ಟಿಕ್ಕುವ ಸದ್ದು ಬಿಟ್ಟರೆ ಎಲ್ಲ ಸುಮ್ಮನೆ.
ಆಮೇಲೆ ತುಂಬ ಮೆಲ್ಲಗೆ
'ಬೆಳಕು ಕಾಣ್ತಾ ಇದೆ ಸಾರ್' ಎಂದಳು.
ಮೊದಲು ನಕ್ಕವನು ನಾನೇ, ಇರಲಿ, ದಾಖಲಾಗಲಿ.

ಅವತ್ತು ಟೀ ಕುಡಿಯುವಾಗ ಒಂದು ಕೇಳಿದಳು:
ಇನ್ಸರ್ಟ್ ಸವೆದದ್ದು ಸ್ಕ್ರೀನಿಗಿಂತ ಮುಂಚೆ
ನಿಮಗೆ ಹೆಂಗೆ ಗೊತ್ತಾಯ್ತು?
ಗಿರಣಿಯವನು ಬೀಳುವ ಹಿಟ್ಟನ್ನು ಹಿಡಿದು
ಎರಡು ಬೆರಳಲ್ಲಿ ಉಜ್ಜುತ್ತಾನಲ್ಲ, ಹಂಗೆ, ಎಂದೆ.
ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.
ಮರುದಿನ ಯಂತ್ರಕ್ಕೆ ಕಿವಿ ಕೊಟ್ಟು ಕಣ್ಣು ಮುಚ್ಚಿ ನಿಂತಿದ್ದಳು,
ನಾನು ಸ್ಕ್ರೀನಿಗೆ ಕಣ್ಣು ಕೊಟ್ಟು.

ಪರೀಕ್ಷೆಯಲ್ಲಿ ಐವತ್ತಕ್ಕೆ ನಲವತ್ತಮೂರು.
ಏಳು ಕಳೆದಿದ್ದಾಳೆ, ಕೆಂಪು ಶಾಯಿಯಲ್ಲಿ,
ನನ್ನ ಹಾಗೆಯೇ ಅಡ್ಡಗೆರೆ ಎಳೆದು.
ಕೊನೆಯ ಪ್ರಶ್ನೆ ಪೂರ್ತಿ ಸರಿ:
ಎಂ ಎರಡು ಎಂದರೂ ಮುಗಿಯುತ್ತದೆ, ಆದರೆ ನಿಂತಲ್ಲೇ.
ಎಂ ಮೂವತ್ತು ಎಂದರೆ ಮುಗಿದು
ಮೊದಲ ಸಾಲಿಗೆ ಮರಳುತ್ತದೆ.
ನನ್ನ ನಿವೃತ್ತಿಗೆ ಇನ್ನು ಒಂಬತ್ತು ತಿಂಗಳು.

ಹೊರಡುವಾಗ ಮೂಲೆಯಲ್ಲಿ ಪ್ಲಾಸ್ಟಿಕ್ ಹೊದ್ದ ಏನೋ ಕಂಡಿತು,
ಅರಿಸಿನ ಬಣ್ಣದ ತೋಳು, ಮೊಣಕೈ ಮೇಲೆದ್ದಿತ್ತು.
'ರೋಬೋ ಸಾರ್. ನನಗೂ ಬರಲ್ಲ.
ಸೋಮವಾರ ಕಂಪನಿಯಿಂದ ಒಬ್ಬ ಹುಡುಗ ಬರ್ತಾನಂತೆ ಹೇಳಿಕೊಡೋಕೆ.
ಇಪ್ಪತ್ತೆರಡು ವಯಸ್ಸಂತೆ.'

ಕ್ಯಾತ್ಸಂದ್ರದಲ್ಲಿ ಬಸ್ಸಿಳಿದು
ನೂರು ಪುಟದ ನೋಟ್‌ಬುಕ್ ಕೇಳಿದೆ.
ಅಂಗಡಿಯವನು ಒಂದು ಕೊಟ್ಟ.
ಎರಡು ಕೊಡಪ್ಪಾ, ಎಂದೆ,
ಆ ಹುಡುಗಿ ಯಾವತ್ತೂ ನೋಟ್ಸು ಮರೆತೇ ಬರೋಳು.