ಓದಿ ಹೇಳು

ಕೌಂಟರ್ ತೆರೆಯುವ ಮೊದಲು, ಯಾರೂ ಇಲ್ಲದಾಗ,
ಎರಡು ಲಕೋಟೆಗಳನ್ನೂ ಅಂಚೆ ತಕ್ಕಡಿಯ ಮೇಲಿಟ್ಟು ನೋಡಿದೆ.
ವರ್ಮಾಂಟಿನದು ಒಂಬತ್ತು ಔನ್ಸ್:
ನುಣುಪು ಕಾಗದದ ಪುಸ್ತಿಕೆ, ಕಾರಿನ ಗಾಜಿಗೆ ಅಂಟಿಸಲೊಂದು ಸ್ಟಿಕ್ಕರು,
ಕೆಂಪು ಮೇಪಲ್ ಮರದಡಿ ನಗುವ ಹುಡುಗರು.
ನಮ್ಮ ಡುಲುತ್ ಗುಡ್ಡದ ಮೇಲಿನ ಕಾಲೇಜಿನದು
ಒಂದು ಔನ್ಸೂ ಇಲ್ಲ. ಒಂದೇ ಹಾಳೆ,
ಮಡಿಕೆ ಕೂಡ ಓರೆ.

ಹತ್ತೊಂಬತ್ತು ವರ್ಷದಿಂದ ತೂಗುವುದೇ ನನ್ನ ಕೆಲಸ.
ಮದುವೆ ಕರೆಯೋಲೆ, ಮಾತ್ರೆ, ಜೀವಂತ ಕೋಳಿಮರಿಗಳ ಪೆಟ್ಟಿಗೆ,
ಒಮ್ಮೆ ಒಬ್ಬಾಕೆ ತನ್ನ ಗಂಡನ ಬೂದಿ ತಂದಿದ್ದಳು,
ಎಷ್ಟಾಯಿತೆಂದು ಎರಡು ಸಲ ಕೇಳಿದಳು.

ಬ್ರಿಟಾಳಿಗೆ ಕಲ್ಲುಹೂವಿನ ಹುಚ್ಚು.
ಸರೋವರದ ದಡದ ಕರಿಬಂಡೆಗಳ ಮೇಲೆ
ಕಿತ್ತಳೆ ಬಣ್ಣಕ್ಕೆ ಹಬ್ಬಿರುತ್ತದಲ್ಲ, ಅದು.
ಚಿಕ್ಕವಳಿದ್ದಾಗಿಂದ ಮಂಡಿಯೂರಿ, ಭೂತಗನ್ನಡಿ ಹಿಡಿದು.
ವರ್ಷಕ್ಕೆ ಒಂದು ಮಿಲಿಮೀಟರ್ ಬೆಳೆದರೆ ಹೆಚ್ಚಂತಮ್ಮಾ ಅನ್ನುತ್ತಾಳೆ.
ಬಡ್ಡಿ ಹಾಗಲ್ಲ ಮಗಳೇ
ಅಂತ ನಾನು ಅನ್ನುವುದಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ನಿಜ.
ಇವಳ ಕಾಲು ಹದಿಮೂರಕ್ಕೇ ಮಂಚ ದಾಟಿತ್ತು.
ತುದಿಗೊಂದು ಸ್ಟೂಲು ಇಟ್ಟುಕೊಟ್ಟೆ.
ಈಗಲೂ ಅದರ ಮೇಲೇ ಪಾದ.

ಒಂಬತ್ತು ಔನ್ಸಿನ ಪತ್ರದಲ್ಲಿ
‘ನಿಮಗೆ ದೊರೆತ ನೆರವು’ ಎಂಬ ಸಾಲಿನ ಕೆಳಗೆ
ಸಾಲವನ್ನೂ ಸೇರಿಸಿ ಕೂಡಿದ್ದಾರೆ,
ಹಬ್ಬದ ಉಡುಗೊರೆಯ ಹಾಗೆ.
ಅಷ್ಟಾದರೂ ಸಾಲದು. ನಾಲ್ಕು ವರ್ಷಕ್ಕೆ ತೊಂಬತ್ತಾರು ಸಾವಿರ,
ಜಾಮೀನಿಗೆ ತಾಯಿಯ ಸಹಿ.

ಸಹಿಗೆಂದು ಕಾಗದ ಹುಡುಕುವಾಗ ಅವಳ ಕೈಗೆ ಸಿಕ್ಕಿದ್ದು
ನನ್ನ ಹೆಸರಿನ ಬಿಲ್ಲು.
ಮಾರ್ಲಿಸ್ ಎಂಗೆನ್, ಬಾಕಿ ಹದಿನಾಲ್ಕು ಸಾವಿರದ ಇನ್ನೂರ ಆರು.
ಇಪ್ಪತ್ತನೇ ವಯಸ್ಸಿನಲ್ಲಿ ತಂದದ್ದು ಇಪ್ಪತ್ತೊಂದು ಸಾವಿರ,
ಇಲ್ಲಿಯವರೆಗೆ ಕಟ್ಟಿದ್ದು ಇಪ್ಪತ್ತಾರು.
(ಈ ಲೆಕ್ಕ ಅವಳ ಗಣಿತದ ಮೇಷ್ಟ್ರಿಗೆ ತೋರಿಸುವಂಥದ್ದಲ್ಲ.)
ಕೋರ್ಟಿನ ಶೀಘ್ರಲಿಪಿ ಕಲಿಸುವ ಶಾಲೆ.
ಮೂರನೇ ಸೆಮಿಸ್ಟರಿನ ಒಂದು ಸೋಮವಾರ
ಬಾಗಿಲಿಗೆ ಚೀಟಿ ಅಂಟಿಸಿ ಮಾಯವಾಯಿತು.
ಸಾಲ ಮಾತ್ರ ನನ್ನ ವಿಳಾಸ ಮರೆಯಲಿಲ್ಲ,
ಮೂರು ಮನೆ ಬದಲಿಸಿದರೂ.

‘ಅಮ್ಮಾ, ಹಾಗಾದರೆ ನಿನ್ನ ಓದು ಎಲ್ಲಿ ಹೋಯಿತು?’

ಬೆರಳಲ್ಲಿದೆ, ಅಂದೆ.
ನಗೆಯಾಡಿದೆನೆಂದುಕೊಂಡಳು. ಅಲ್ಲ.
ಗಿರಾಕಿಗಳು ಮಾತಾಡುವಾಗ ಕೌಂಟರಿನ ಕೆಳಗೆ
ಬೆರಳು ತಾನಾಗಿ ಒತ್ತುತ್ತಿರುತ್ತದೆ, ಇಲ್ಲದ ಕೀಲಿಗಳನ್ನು.
ಬೂದಿ ತಂದವಳ ಎರಡು ಪ್ರಶ್ನೆಯೂ
ಆ ಮರದ ಹಲಗೆಯಲ್ಲಿ ದಾಖಲಾಗಿವೆ.

ಏಪ್ರಿಲ್ ಮೂವತ್ತು. ನಾಳೆ ಕೊನೆಯ ದಿನ.
ದಡದಲ್ಲಿನ್ನೂ ಮಂಜುಗಡ್ಡೆ ಗಾಜಿನ ಚೂರಿನಂತೆ ಉಲಿಯುತ್ತಿತ್ತು,
ಅದಿರಿನ ಹಡಗೊಂದು ಸೇತುವೆ ಎತ್ತಿರೆಂದು ಕೂಗಿತು.
ನನ್ನ ಪೆನ್ನಿನ ಮುಚ್ಚಳ ತೆಗೆದೇ ಇತ್ತು. ಹಾಕಿಬಿಡುತ್ತಿದ್ದೆ.
ದೇವರಾಣೆ, ಹಾಕಿಬಿಡುತ್ತಿದ್ದೆ.

ಅವಳು ಸಾರಿನ ಬಟ್ಟಲು ನೋಡುತ್ತ ಹೇಳಿದಳು:
ಗುಡ್ಡದ ಕಾಲೇಜು. ಹದಿಮೂರನೇ ನಂಬರಿನ ಬಸ್ಸು, ಇಪ್ಪತ್ತು ನಿಮಿಷ.
ಹನ್ನೊಂದು ಸಾವಿರದಲ್ಲಿ ಮುಗಿಯುತ್ತೆ.
ಕಲ್ಲುಹೂವು ಎಲ್ಲೂ ಓಡಿಹೋಗಲ್ಲ.

ನನ್ನ ಬೆರಳು ಮೇಜಿನ ಮೇಲೆ ಆಡುತ್ತಿದ್ದುದನ್ನು ಕಂಡಳು.
ಕೈ ಹಿಡಿದು ನಿಲ್ಲಿಸಿ,
‘ಏನು ಬರೆದೆ? ಓದಿ ಹೇಳು.’

ಕೋರ್ಟಿನ ಹುಡುಗಿಯ ಹಾಗೆ ಬೆನ್ನು ನೆಟ್ಟಗೆ ಮಾಡಿ
ಭಾವವಿಲ್ಲದೆ ಓದಿದೆ:
ಗುಡ್ಡದ ಕಾಲೇಜು. ಬಸ್ಸು. ಇಪ್ಪತ್ತು ನಿಮಿಷ. ಹನ್ನೊಂದು ಸಾವಿರ.
ಕಲ್ಲುಹೂವು.

ಬಸ್ಸಿಗೂ ನಿಮಿಷಕ್ಕೂ ನಡುವೆ
ಅವಳು ಉಗುಳು ನುಂಗಿದ ಸದ್ದೂ ಬರೆದಿದ್ದೆ.
ಅದನ್ನು ಓದಲಿಲ್ಲ.

ಸ್ಟಿಕ್ಕರು ಇನ್ನೂ ಡ್ರಾಯರಿನಲ್ಲಿದೆ.
ಅಂಟು ಚೆನ್ನಾಗಿದೆ.