ಮೂರನೇ ಪಂಪು, ಬರ್ಕಾ

ನಸುಕಿನ ಮೂರೂ ನಲವತ್ತಕ್ಕೆ ಮೂರನೇ ಪಂಪು ನಡುಗಿತು.
ಸೆಕೆಂಡಿಗೆ ನಾಲ್ಕಿದ್ದದ್ದು ಒಂಬತ್ತು ಮಿಲಿಮೀಟರ್.
ಐದೂವರೆಗೆ ತಾನೇ ಸುಮ್ಮನಾಯಿತು,
ಅತ್ತು ಸಾಕಾದ ಕೂಸಿನ ಹಾಗೆ.
ಬೆಳಿಗ್ಗೆ ಬಂದವರಿಗೆ ತೋರಿಸಲು ಉಳಿದದ್ದು
ಪರದೆಯ ಮೇಲೊಂದು ಕೆಂಪು ಗುಡ್ಡ.

ಮೊದಲು ಕೇಳಿದ್ದು ಯಾರನ್ನು? ನಿಜ ಹೇಳುತ್ತೇನೆ:
ಹೆಚ್ಚು ಬಲ್ಲವರನ್ನಲ್ಲ, ಹತ್ತಿರ ಇದ್ದವರನ್ನು,
ಕೇಳಿದರೆ ನಗದವರನ್ನು.
ಚಹಾದ ಮೇಜಿನಲ್ಲಿ ರೊಡೆಲ್ ಬೇರಿಂಗ್ ಎಂದ.
ಸಿಯಾಲ್‌ಕೋಟಿನ ಇನಾಯತ್
ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟು
ಬೇರಿಂಗಲ್ಲ ಎಂದ. ಮತ್ತೇನು ಅಂದರೆ
ಭುಜ ಹಾರಿಸಿದ.

ಕೈಪಿಡಿಯ ನಾನೂರು ಪುಟದಲ್ಲಿ
‘ತಯಾರಕರನ್ನು ಸಂಪರ್ಕಿಸಿ’ ಹದಿನೇಳು ಸಲ.
ನಮಗೆ ಶುಕ್ರವಾರ ರಜೆ, ಅವರಿಗೆ ಭಾನುವಾರ.
ಕೊನೆಗೆ ಬಂದ ಉತ್ತರ
ನನ್ನ ಪ್ರಶ್ನೆಯನ್ನೇ ಇಸ್ತ್ರಿ ಮಾಡಿ ಮಡಚಿ ಕಳಿಸಿತ್ತು.
ನಕ್ಷೆಯ ಸಿ ತಿದ್ದುಪಡಿ ಇದೆ, ಇ ಇದೆ.
ಡಿ ಯಾರ ಡ್ರಾಯರಿನಲ್ಲೋ.

ಸ್ಟೋರಿನ ಮೂಲೆಯಲ್ಲಿ, ಉಪ್ಪು ಹಿಡಿದ ಫಿಲ್ಟರುಗಳ ಹಿಂದೆ
ಹಳೆಯ ಲಾಗ್‌ಬುಕ್ಕುಗಳು.
ನೀಲಿ ಇಂಗ್ಲಿಷು, ಒತ್ತಡ, ತಾಪ, ಸಹಿ.
ಅಂಚಿನಲ್ಲಿ ಪೆನ್ಸಿಲು,
ಇಷ್ಟು ವರ್ಷ ಎಲ್ಲರೂ ಸುಮ್ಮನೆ ಗೀಚಿದ್ದೆಂದು ದಾಟಿಹೋದದ್ದು:
‘ಮೂರನೇದು ಮತ್ತ ನಡಗಿತು.
ಹುಣ್ಣಿಮಿ ದಿನ ನೀರು ಇಳದಾಗ ಅಂತ ಕಾಣಸ್ತೈತಿ.’

ಏಣಿಯ ಮೇಲೇ ಕೂತೆ.
ಆ ‘ಕಾಣಸ್ತೈತಿ’ ಗದಗಿನದೋ, ರೋಣದ್ದೋ.
ಹೆಸರಿಲ್ಲ. ಸಹಿಯಲ್ಲೊಂದು ಉದ್ದ ಬಾಲ.
ಆಡಿಟ್‌ನವರು ಓದುವ ಪುಸ್ತಕದಲ್ಲಿ
ಇಂಗ್ಲಿಷಿನಲ್ಲಿ ಚಂದ್ರನ ಹೆಸರೆತ್ತಲು
ಸಂಕೋಚವಾಗಿರಬೇಕು.

ಖಲ್ಫಾನನ ಅಪ್ಪ ಇದೇ ದಂಡೆಯಲ್ಲಿ ಬಲೆ ಬೀಸಿದವ.
ಹೌದಲ್ಲ, ಅವತ್ತು ನೀರು ತುಂಬ ಹಿಂದೆ ಹೋಗುತ್ತೆ, ಎಂದ,
ಸಾರಿಗೆ ಉಪ್ಪು ಕಡಿಮೆ ಎಂದಷ್ಟು ಸಲೀಸಾಗಿ.
ಮತ್ತೆ ಯಾಕಯ್ಯಾ ಹೇಳಲಿಲ್ಲ?
ನೀವು ಪಂಪಿನ ಬಗ್ಗೆ ಕೇಳಿದಿರಿ.

ಇಳಿತ ಹೆಚ್ಚಾದರೆ ಕೊಳವೆಯ ಬಾಯಿಗೆ ಗಾಳಿ.
ಸರಳ. ಉಬ್ಬರದ ಪಟ್ಟಿ ಪಕ್ಕಕ್ಕಿಟ್ಟು ಗುಡ್ಡಗಳನ್ನೆಣಿಸಿದೆ:
ಆರರಲ್ಲಿ ಐದು ಹೊಂದಿದವು.
ಐದನ್ನು ಇಂಗ್ಲಿಷಿನಲ್ಲಿ, ನೀಲಿಯಲ್ಲಿ,
ಕೋಷ್ಟಕ ಹಾಕಿ ಬರೆದೆ. ಸಹಿ ಮಾಡಿದೆ.

ಆಮೇಲೆ ಹಳೆಯ ಪುಸ್ತಕ ತೆರೆದು,
ಇನಾಯತನ ಕಿವಿಯ ಹಿಂದಿದ್ದ ಪೆನ್ಸಿಲು ಇಸಕೊಂಡು
ಅವನ ಸಾಲಿನ ಕೆಳಗೆ, ಸಣ್ಣಗೆ:
ಆರನೆಯದು ಯಾಕೆಂದು ಗೊತ್ತಿಲ್ಲ ಮಾರಾಯ.