ಅಕ್ಷರಕ್ಕೆ ಏಳು ಸೆಂಟು

ಪೆನ್ಸಿಲ್ವೇನಿಯಾದ ಕಲ್ಲಿದ್ದಲೂರು. ಮಾರ್ಚ್ ತಿಂಗಳು.
ಬೆಳ್ಳಗೆ ಬಿದ್ದ ಹಿಮ ಮಧ್ಯಾಹ್ನಕ್ಕೆ ಕರ‍್ರಗೆ.
ಫೈರ್ ಸ್ಟೇಷನ್ನಿನ ಹಾಲಿನಲ್ಲಿ ಏಣಿ ಹತ್ತಿ,
ಹಲಗೆಗೆ ಹಸಿರು ಬಳಿದು, ಕಾಯುತ್ತ ನಿಂತಿದ್ದೆ.
ಮೇಲೆ ಬರೆದಾಗಿತ್ತು: ‘ಪಂಜರದ ಕಾಲದ ಐವರು ಉತ್ತಮರು.’
ಕೆಳಗೆ ಒಂದರಿಂದ ಐದು, ಚುಕ್ಕಿ ಸಮೇತ.
ಹೆಸರುಗಳು ಮಾತ್ರ
ಇನ್ನೂ ಏಳು ಮುದುಕರ ಗಂಟಲಲ್ಲಿದ್ದವು.

ಆಗೆಲ್ಲ ಅಂಕಣದ ಸುತ್ತ ಕೋಳಿಗೂಡಿನ ತಂತಿಬಲೆಯಂತೆ.
ಚೆಂಡು ಹೊರಗೆ ಹೋಗುವ ಮಾತೇ ಇಲ್ಲ,
ಆಡುವವನೂ ಹೋಗುವಂತಿಲ್ಲ.
ಚೆಂಡಿಗೆ ಬೂಟಿನ ಹಾಗೆ ಲೇಸು.
ಇಪ್ಪತ್ತೆರಡಕ್ಕೆ ಗೆಲುವು, ಹತ್ತೊಂಬತ್ತಕ್ಕೆ ಸೋಲು,
ರಾತ್ರಿಗೆ ಆರು ಡಾಲರು ಎಣಿಸಿಕೊಂಡು
ಬೆಳಗಿನ ಪಾಳಿಗೆ ಗಣಿಗಿಳಿಯುತ್ತಿದ್ದರು,
ಬೆನ್ನ ಮೇಲೆ ತಂತಿಯ ಚೌಕಳಿ ಮೂಡಿಸಿಕೊಂಡು.

‘ಚಪ್ಲಾ ಒಂದು,’ ಅಂದ ಕಟುಕ ಫ್ರಾಂಚಿಶೆಕ್.
ಪೋಲಿಷರ ಮಾತಿನಲ್ಲಿ ಹೆಸರೇ ಕೊಕ್ಕರೆ;
ಒಂಟಿಕಾಲಲ್ಲಿ ನಿಂತು ಬುಟ್ಟಿಗೆ ಕೊಕ್ಕು ಹಾಕುತ್ತಿದ್ದನಂತೆ.
‘ಆ ಕೊಕ್ಕರೆಗೆ ಮಂಡಿ ಎಲ್ಲಿತ್ತು? ಗಿಲ್‌ಹೂಲಿ ಒಂದು!
ಎದುರಾಳಿ ಗಾಳಿಯಲ್ಲಿದ್ದಾಗ ಬೆಲ್ಟು ಹಿಡಿದೆಳೆದವನು!’
‘ಅದು ಆಟವಲ್ಲ, ಕಳ್ಳತನ.’
‘ತೀರ್ಪುಗಾರ ನೋಡದಿದ್ದರೆ ಆಟವೇ.’
ಕ್ಲೂಗ್‌ನನ್ನು ಮೂರಕ್ಕಿಳಿಸಿದರು; ತಮ್ಮ ಅಲ್ಲೇ ಕೂತದ್ದು ಕಂಡು
ಮತ್ತೆ ಎರಡಕ್ಕೇರಿಸಿದರು.
ಅಂಕದ ಪುಸ್ತಕ ತನ್ನಿ ಎಂದರೆ, ಪುಸ್ತಕ
ಮೂವತ್ತಾರರ ಪ್ರವಾಹದಲ್ಲಿ ನೀರುಪಾಲು.
ಆಧಾರ ಹೋದ ಮೇಲೆ ಗಂಟಲೇ ಆಧಾರ.

ನನಗೆ ಎಲ್ಲರೂ ಒಂದೇ, ನಾನಾಗ ಹುಟ್ಟಿರಲಿಲ್ಲ.
ಕ್ಲೂಗ್ ಬಂದರೆ ಇಪ್ಪತ್ತೆಂಟು ಸೆಂಟು,
ಗಿಲ್‌ಹೂಲಿ ಬಂದರೆ ಅರವತ್ತಮೂರು.
ಒಳಗೊಳಗೇ ಐರಿಷರ ಪರ ವಹಿಸಿದ್ದೆ.

ಅಲ್ಲಿಯವರೆಗೆ ಗ್ಲಾಸು ತೊಳೆಯುತ್ತಿದ್ದ ಓನಾ ಮುದುಕಿ
ಕೈ ಒರೆಸಿಕೊಂಡು ಬಂದಳು. ಟೋಪಿಯಿಂದ
ಗೇಣುದ್ದದ ಪಿನ್ನು ಎಳೆದು ಮೇಜಿನ ಮೇಲಿಟ್ಟಳು.
‘ನೀವು ನೋಡಿದ್ದೀರಿ. ನಾನು ಚುಚ್ಚಿದ್ದೇನೆ.

‘ಬಲೆಗೆ ಆತುಕೊಂಡ ಮೊದಲ ಸಾಲು ನಮ್ಮದು, ಹುಡುಗಿಯರದು.
ಮೀನಖಂಡ ತಂತಿಗೆ ತಾಗಿದರೆ ಮುಗಿಯಿತು;
ಯಾವ ಊರಿನವನೆಂದು ಕೇಳುತ್ತಿರಲಿಲ್ಲ ನಾನು.
ಚಪ್ಲಾ ಅಮ್ಮಾ ಅಂದ. ಗಿಲ್‌ಹೂಲಿ
ನನ್ನ ಏಳು ತಲೆಮಾರಿಗೆ ಬೈದ.
ಕ್ಲೂಗ್ ಆಟ ಮುಗಿಸಿ ಬಂದು ಕುಣಿಯೋಣವೇ ಅಂದ.’
(ತಮ್ಮ ಬಿಯರಿನ ನೊರೆ ನೋಡತೊಡಗಿದ.)
‘ಬೆನಾಸ್ ಪೆತ್ರುಸೆವಿಚ್ಯುಸ್ ಒಬ್ಬ ತಿರುಗಲಿಲ್ಲ.
ಪಿನ್ನು ಅರ್ಧ ಒಳಗಿತ್ತು, ಕಣ್ಣು ಬುಟ್ಟಿಯಲ್ಲಿತ್ತು.
ಚೆಂಡು ಒಳಗೆ ಬಿದ್ದ ಮೇಲೆ ಹಿಂದಕ್ಕೆ ಕೈ ಚಾಚಿ, ಕಿತ್ತು,
ಬಲೆಯ ಕಿಂಡಿಯಿಂದ ನನಗೇ ವಾಪಸು ಕೊಟ್ಟ,
ಮೊಂಡು ತಲೆ ನನ್ನ ಕಡೆಗೆ ಮಾಡಿ.’

ಸ್ವಲ್ಪ ಹೊತ್ತು ಸ್ಟೌವಿನ ಸದ್ದು ಮಾತ್ರ. ಆಮೇಲೆ ಶುರು:
ಬೆನಾಸ್ ಆಡಿದ್ದೇ ಹನ್ನೊಂದು ಆಟ,
ಹದಿನೆಂಟರ ಜ್ವರದಲ್ಲಿ ಹೋದವನು,
ಹನ್ನೊಂದು ಆಟಕ್ಕೆ ಪಟ್ಟ ಕಟ್ಟುತ್ತಾರೆಯೇ?
‘ಬದುಕಿದ್ದಿದ್ದರೆ...’
‘ಬದುಕಿದ್ದಿದ್ದರೆ ನಮ್ಮ ಹಾಗೇ ಕೆಮ್ಮುತ್ತಿದ್ದ.’
ಇದೊಂದಕ್ಕೆ ಯಾರೂ ಎದುರು ಹೇಳಲಿಲ್ಲ.

ಕೊನೆಗೆ ಕೈಯೆತ್ತಿಸಿದರು. ಗಿಲ್‌ಹೂಲಿ, ಚಪ್ಲಾ, ಕ್ಲೂಗ್;
ನಾಲ್ಕು ಮತ್ತು ಐದು ಯಾರೆಂದು ನನಗೀಗ ಮರೆತಿದೆ,
ಅವರವರ ಮೊಮ್ಮಕ್ಕಳಿಗೆ ಗೊತ್ತಿರಬಹುದು.
ಬಿಳಿ ಬಣ್ಣದಲ್ಲಿ ಬರೆದೆ. ಕೆಳ ಅಂಚು ಸವಕಲಾಗಿ ಕಂಡು
ಹಸಿರನ್ನು ಇನ್ನೊಂದು ಕೈ ಎಳೆದೆ.
ಮುದುಕರು ಕೋಟು ಹುಡುಕುತ್ತಿದ್ದಾಗ ಓನಾ
ಏಣಿಯ ಎರಡು ಮೆಟ್ಟಿಲು ಹತ್ತಿದಳು,
ಪಿನ್ನನ್ನು ಪೆನ್ನಿನಂತೆ ಹಿಡಿದು, ಆ ಹಸಿಯಲ್ಲಿ,
ಅಂಕಿ ಹಾಕದೆ, ಗೀರಿದಳು:
ಹದಿನೆಂಟು ಅಕ್ಷರ, ಒಂದರ ನೆತ್ತಿಗೆ ಪುಟ್ಟ ಕೊಕ್ಕೆ.
ಬಣ್ಣದಡಿಯ ಮರ ಬೆಳ್ಳಗೆ ಕಂಡಿತು.

ಅಳಿಸಬಹುದಿತ್ತು, ಕುಂಚ ಕೈಯಲ್ಲೇ ಇತ್ತು.
ಬಿಲ್ಲಿನಲ್ಲಿ ಅದನ್ನು ಸೇರಿಸಲಿಲ್ಲ.
ಗಿಲ್‌ಹೂಲಿಗೆ ಮಾತ್ರ
ಒಂಬತ್ತರ ಬದಲು ಹತ್ತು ಅಕ್ಷರ ಎಂದು ಬರೆದುಕೊಂಡೆ.